ಹಳದಿಯ ಮೇಲೆ ಕೆಂಪು, ಯಾರಿಗೆ ಎಷ್ಟು ಕಾಣುತ್ತದೆ?

ನವೆಂಬರ್ ಬಂತೆಂದರೆ ಕಲಬುರಗಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಳದಿ-ಕೆಂಪು ಪೋಸ್ಟರ್‌ಗಳ ಸುಗ್ಗಿ. ಸಂಘದ ಹೆಸರು, ವೇಳೆ, ಸ್ಥಳ, ಅತಿಥಿಗಳು ಎಲ್ಲವೂ ಹಳದಿ ಹಿನ್ನೆಲೆಯಲ್ಲಿ ಕೆಂಪಕ್ಷರ. ಅಭಿಮಾನಕ್ಕೇನೂ ಕೊರತೆಯಿಲ್ಲ, ಆದರೆ ಲೆಕ್ಕ ಹಾಕಿದರೆ ಈ ಜೋಡಿ ಅರ್ಧ ಮಾತ್ರ ಪಾಸಾಗುತ್ತದೆ.

ಪರದೆಯ ಬಿಳಿಯ ಹೊಳಪು 100 ಎಂದಿಟ್ಟುಕೊಳ್ಳಿ. ಅದರಲ್ಲಿ ಹಸಿರಿನ ಪಾಲು ಸುಮಾರು 72, ಕೆಂಪಿನದು 21, ನೀಲಿಯದು ಬರೀ 7. ಹಸಿರೂ ಕೆಂಪೂ ಸೇರಿದ್ದೇ ಹಳದಿಯಾದ್ದರಿಂದ ಅದು ಹೆಚ್ಚುಕಡಿಮೆ ಬಿಳಿಯಷ್ಟೇ ಹೊಳೆಯುತ್ತದೆ. ಅಕ್ಷರ ಮತ್ತು ಹಿನ್ನೆಲೆಯ ಹೊಳಪನ್ನು ಹೋಲಿಸಿ ಒಂದು ಅನುಪಾತ ತೆಗೆಯುತ್ತಾರೆ. ಬಿಳಿಯ ಮೇಲೆ ಕಪ್ಪು 21:1, ಅದಕ್ಕಿಂತ ಹೆಚ್ಚಿಲ್ಲ. ಬಿಳಿಯ ಮೇಲೆ ಹಳದಿ 1.1:1ರ ಆಸುಪಾಸು, ಬರೆದೂ ಬರೆಯದಂತೆ. ಜಾಲತಾಣಗಳು ಎಲ್ಲರಿಗೂ ಓದಲು ಬರುವಂತಿರಲು ಮಾಡಿದ ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡಕ್ಷರಕ್ಕೆ 3:1 ಕೇಳುತ್ತದೆ. ಅಪ್ಪಟ ಹಳದಿಯ ಮೇಲಿನ ಅಪ್ಪಟ ಕೆಂಪು 3.7:1. ದೊಡ್ಡ ಶೀರ್ಷಿಕೆಗೆ ಸಾಕು, ಕೆಳಗಿನ ಸಣ್ಣಕ್ಷರದ ವೇಳೆ-ಸ್ಥಳಕ್ಕೆ ಸಾಲದು. ಬಾವುಟದ ಬಣ್ಣ ಬಿಡಬೇಕಿಲ್ಲ. ಕೆಂಪನ್ನು ಗಾಢ ಮಾಡಿದರೆ ಅಥವಾ ಸಣ್ಣ ಸಾಲುಗಳನ್ನು ಕಪ್ಪಾಗಿಸಿದರೆ ಆಯಿತು.

ಇದು ಪೂರ್ತಿ ಕಾಣದವರ ಮಾತಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ, ಸರಿಯಾದ ಕನ್ನಡಕ ಹಾಕಿದ ಮೇಲೂ ಎರಡರಲ್ಲಿ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18 ದಾಟದಿದ್ದರೆ ಅದು ಮಂದದೃಷ್ಟಿ. ಉಳಿದವರು 18 ಮೀಟರ್ ದೂರದಿಂದ ಓದುವುದನ್ನು ಅವರು 6 ಮೀಟರ್‌ಗೆ ಬಂದು ಓದಬೇಕು. ಗ್ಲಾಕೋಮಾದಲ್ಲಿ ಅಂಚಿನ ನೋಟ ಸವೆಯುತ್ತದೆ, ಸಕ್ಕರೆ ಕಾಯಿಲೆ ಅಕ್ಷಿಪಟಲಕ್ಕೆ ತಟ್ಟಿದರೆ ನೋಟದಲ್ಲಿ ಅಲ್ಲಲ್ಲಿ ಕಲೆ ಬೀಳುತ್ತದೆ. ಇವರಿಗೆ ಕಣ್ಣು ಇನ್ನೂ ಕೆಲಸ ಮಾಡುತ್ತಿದೆ. "ಫೋನು ಓದಿ ಹೇಳುವ ವಿವರಣೆ ಹಾಕಿದ್ದೇವಲ್ಲ" ಎಂದು ಚಿತ್ರವನ್ನು ಮಸುಕಾಗಿಯೇ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಹಿಗ್ಗಿಸಿ ನೋಡಿದರೆ ಸರಿಹೋಗದೇ? ಗಂಜ್ ಮಾರುಕಟ್ಟೆಯ ತೊಗರಿ ರೇಟಿನ ಪಟ್ಟಿ ತೆಗೆದುಕೊಳ್ಳಿ. ಅಡತಿ ಅಂಗಡಿಯವರು ಅದನ್ನು ಫೋಟೊ ಹೊಡೆದು ಹಾಕುತ್ತಾರೆ. 4 ಪಟ್ಟು ಹಿಗ್ಗಿಸಿದರೆ ಪರದೆಯಲ್ಲಿ ಉಳಿಯುವುದು ಪಟ್ಟಿಯ 16ರಲ್ಲಿ ಒಂದು ಪಾಲು. ಅಂಕಿ ಕಾಣುತ್ತದೆ, ಆದರೆ ಕನಿಷ್ಠ, ಗರಿಷ್ಠ ಎಂಬ ತಲೆಬರಹ ಮೇಲೆಲ್ಲೋ ಹೋಗಿರುತ್ತದೆ. "ಇದು ಮ್ಯಾಲಿನ ರೇಟೋ ಕೆಳಗಿಂದೋ, ನೋಡು ತಮ್ಮಾ" ಎಂದು ಮೊಮ್ಮಗನನ್ನು ಕರೆಯಬೇಕು. ಅದೇ ರೇಟನ್ನು ಟೈಪ್ ಮಾಡಿ ಕಳಿಸಿದ್ದರೆ ಫೋನು ಅಕ್ಷರವನ್ನು ದೊಡ್ಡದು ಮಾಡಿ, ಸಾಲನ್ನು ಪರದೆಯ ಅಗಲಕ್ಕೆ ಮುರಿದು ಕೊಡುತ್ತಿತ್ತು. ಪರದೆಯ ಬರಹವನ್ನು ದನಿಯಲ್ಲಿ ಓದುವ ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಓದಿಯೂ ಹೇಳುತ್ತಿತ್ತು.

ಮೇಲಾಗಿ, ಚಿತ್ರ ಕಳಿಸುವಾಗ ಕಡತದ ಗಾತ್ರ ಕುಗ್ಗುತ್ತದೆ. ಜೆಪೆಗ್ ವಿಧಾನ ಮೊದಲು ಎಸೆಯುವುದು ಸೂಕ್ಷ್ಮ ವಿವರಗಳನ್ನು. ಮಂದದೃಷ್ಟಿಯ ಕಣ್ಣಿಗೂ ಸಾಮಾನ್ಯವಾಗಿ ಮೊದಲು ತಪ್ಪಿಹೋಗುವುದು ಅವೇ. ಕನ್ನಡ ಲಿಪಿಗೆ ಈ ಹೊಡೆತ ಜೋರು. ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂತಿರುತ್ತವೆ, ಮಹಾಪ್ರಾಣ ಒಂದು ಗೀರಿನಲ್ಲಿರುತ್ತದೆ. ಆ ಗೀರು ಅಳಿಸಿದರೆ ಸರ್ಕಾರಿ ಯೋಜನೆಯ ಸಹಾಯಧನವೂ 'ಸಹಾಯದನ' ಆಗಿಬಿಡುತ್ತದೆ!

ಬರಹವೇ ಇಲ್ಲದ ಚಿತ್ರದ್ದು ಬೇರೆ ಕಥೆ. ಬೀದರ್‌ನಲ್ಲಿ ಬಿದರಿ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರುವವರನ್ನೇ ನೋಡಿ. ಸತು-ತಾಮ್ರದ ಎರಕವನ್ನು ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣ ಕಪ್ಪಾಗಿಸುತ್ತದೆ, ಕೂರಿಸಿದ ಬೆಳ್ಳಿಯನ್ನು ಮುಟ್ಟುವುದಿಲ್ಲ. ಕಪ್ಪು-ಬಿಳಿಯ ಅಂತರ ಕಸುಬಿನಲ್ಲೇ ಇದೆ. ಅಂಥ ಹೂದಾನಿಯನ್ನು ಕಪ್ಪು ಮಖಮಲ್ಲಿನ ಮೇಲಿಟ್ಟು, ಎದುರಿನಿಂದ ಫ್ಲ್ಯಾಶ್ ಹೊಡೆದರೆ ಆಕಾರ ಬಟ್ಟೆಯಲ್ಲಿ ಕರಗುತ್ತದೆ, ಬೆಳ್ಳಿಯ ಮೇಲೆ ಬೆಳಕು ಚೆಲ್ಲಾಡುತ್ತದೆ. ತಿಳಿ ಬಣ್ಣದ ಖಾಲಿ ಹಿನ್ನೆಲೆ, ಪಕ್ಕದ ಕಿಟಕಿಯ ಬೆಳಕು ಸಾಕು. ಕುಸುರಿಯದ್ದೇ ಹತ್ತಿರದ ಫೋಟೊ ಇನ್ನೊಂದಿರಲಿ.

ಜೊತೆಗೆ ವಿವರಣೆಯೂ ಬೇಕು, ಟಾಕ್‌ಬ್ಯಾಕ್ ಓದುವುದು ಅದನ್ನೇ. "ಬಿದರಿ ಹೂದಾನಿಯ ಚಿತ್ರ" ಎಂದರೆ ಕೊಳ್ಳುವವರಿಗೆ ಏನೂ ಹೇಳಿದಂತಾಗಲಿಲ್ಲ. "ಗೇಣುದ್ದದ ಕಪ್ಪು ಹೂದಾನಿ, ಕಿರಿದಾದ ಕುತ್ತಿಗೆ, ಹೊಟ್ಟೆಯ ಸುತ್ತ ಬೆಳ್ಳಿಯ ಹೂಬಳ್ಳಿ" ಎಂದು ಬರೆಯಿರಿ. ಬೆಲೆಯನ್ನು ಫೋಟೊದ ಮೂಲೆಯಲ್ಲಿ ಅಚ್ಚು ಹಾಕದೆ ಕೆಳಗೆ ಟೈಪ್ ಮಾಡಿ.