ಎಚ್‌ಐವಿ ಮತ್ತು ಸಿಸಿಆರ್5: ಒಂದು ಪ್ರೊಟೀನ್ ಇಷ್ಟು ಸುದ್ದಿಯಾದದ್ದು ಹೇಗೆ?

ಎಚ್‌ಐವಿ ಗುಣವಾಯಿತು ಎಂಬ ಸುದ್ದಿ ಬಂದಾಗಲೆಲ್ಲ ಸಿಸಿಆರ್5 ಎಂಬ, ನಮ್ಮ ರಕ್ಷಣಾ ಕೋಶಗಳ ಮೇಲಿರುವ ಪ್ರೊಟೀನ್‌ನ ಹೆಸರೂ ಬರುತ್ತದೆ. ಒಮ್ಮೆ ಔಷಧದ ವಿಷಯ, ಒಮ್ಮೆ ಕಾಂಡಕೋಶ ಕಸಿ, ಇನ್ನೊಮ್ಮೆ ಭ್ರೂಣದ ಜೀನ್ ತಿದ್ದಿದ ವಿವಾದ. ಎಲ್ಲ ಕಲಸಿಹೋಗಿದೆ.

ಎಚ್‌ಐವಿ ನಮ್ಮ ರಕ್ಷಣಾ ಕೋಶಗಳ ಮೇಲಿನ ಸಿಡಿ4 ಪ್ರೊಟೀನ್‌ಗೆ ಅಂಟುತ್ತದೆ ಎಂದು 1984ರಲ್ಲೇ ಗೊತ್ತಾಗಿತ್ತು. ಆದರೆ ಇಲಿಯ ಕೋಶಗಳ ಮೇಲೆ ಮನುಷ್ಯರ ಸಿಡಿ4 ಮೂಡಿಸಿ ನೋಡಿದರೆ ವೈರಸ್ ಬಂದು ಅಂಟಿತು, ಒಳಗೆ ಮಾತ್ರ ಹೋಗಲಿಲ್ಲ. ಬಾಗಿಲಿಗೆ ಇನ್ನೊಂದು ಬೀಗ ಇತ್ತು. ಅದು ಸಿಗಲು ಹತ್ತು ವರ್ಷ ಹಿಡಿಯಿತು.

ಸುಳಿವು ಸಿಕ್ಕಿದ್ದು 1995ರ ಕೊನೆಗೆ. ದೇಹದಲ್ಲೇ ತಯಾರಾಗುವ ಮೂರು ಕೀಮೋಕೈನ್‌ಗಳು ವೈರಸ್ಸನ್ನು ತಡೆಯುತ್ತವೆ ಎಂದು ರಾಬರ್ಟ್ ಗ್ಯಾಲೊ ಅವರ ತಂಡ ತೋರಿಸಿತು. ಉರಿಯೂತ ಇರುವ ಕಡೆಗೆ ರಕ್ಷಣಾ ಕೋಶಗಳನ್ನು ಕರೆಯುವುದು ಕೀಮೋಕೈನ್‌ಗಳ ಕೆಲಸ. ಹಾಗಾದರೆ ಈ ಮೂರೂ ಕೋಶದ ಮೇಲೆ ಎಲ್ಲಿ ಕೂರುತ್ತವೆ? 1996ರ ಮೇ ತಿಂಗಳಲ್ಲಿ ಎಡ್ವರ್ಡ್ ಬರ್ಗರ್ ಅವರ ತಂಡಕ್ಕೆ ಕೆಲವು ಎಚ್‌ಐವಿ ತಳಿಗಳು ಒಳಹೋಗಲು ಬಳಸುವ ಇನ್ನೊಂದು ಪ್ರೊಟೀನ್, ಸಿಎಕ್ಸ್‌ಸಿಆರ್4, ಸಿಕ್ಕಿತು. ಆದರೆ ಈ ಮೂರು ಕೀಮೋಕೈನ್‌ಗಳು ಅದಕ್ಕೆ ಅಂಟುವುದಿಲ್ಲ. ಮರುತಿಂಗಳೇ ಐದು ತಂಡಗಳು ಅವು ಅಂಟುವ ಸಿಸಿಆರ್5 ಕಡೆ ಕೈ ತೋರಿಸಿದವು.

ಆಗಸ್ಟ್ ಹೊತ್ತಿಗೆ ಗಟ್ಟಿ ಪುರಾವೆಯೂ ಬಂತು. ವೈರಸ್‌ಗೆ ಪದೇ ಪದೇ ಒಡ್ಡಿಕೊಂಡರೂ ಸೋಂಕು ತಗಲದ ಇಬ್ಬರ ಕೋಶಗಳಿಗೆ ಪ್ರಯೋಗಾಲಯದಲ್ಲಿ ವೈರಸ್ ಹಾಕಿದರೂ ಹತ್ತಲಿಲ್ಲ. ಅವರ ಸಿಸಿಆರ್5 ಜೀನ್‌ನಲ್ಲಿ ಡಿಎನ್‌ಎಯ 32 ಅಕ್ಷರಗಳು ಬಿಟ್ಟುಹೋಗಿದ್ದವು. ಪ್ರೊಟೀನ್ ಕೋಶದ ಮೇಲ್ಮೈಗೆ ಬರುತ್ತಲೇ ಇರಲಿಲ್ಲ. ಯುರೋಪ್ ಮೂಲದವರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಜೀನ್‌ನ ಎರಡೂ ಪ್ರತಿಗಳು ಹೀಗಿರುತ್ತವೆ. ಬೇರೆಡೆ ತೀರಾ ಅಪರೂಪ.

2007ರಲ್ಲಿ ಇದೇ ಪ್ರೊಟೀನ್ ಮುಚ್ಚುವ ಮಾರಾವಿರಾಕ್ ಮಾತ್ರೆ ಬಂತು. ಅದೇ ವರ್ಷ ಬರ್ಲಿನ್‌ನಲ್ಲಿ ಎಚ್‌ಐವಿ ಇದ್ದ ಟಿಮೊಥಿ ರೇ ಬ್ರೌನ್ ಅವರಿಗೆ ರಕ್ತದ ಕ್ಯಾನ್ಸರ್‌ಗಾಗಿ ಕಾಂಡಕೋಶ ಕಸಿ ಆಯಿತು. ಸಿಸಿಆರ್5 ಇಲ್ಲದ ದಾನಿಯನ್ನು ಹುಡುಕಿ ತಂದಿದ್ದರು. ಕ್ಯಾನ್ಸರ್ ಮರುಕಳಿಸಿ ಮರುವರ್ಷ ಇನ್ನೊಂದು ಕಸಿ ಬೇಕಾಯಿತು. ಎಚ್‌ಐವಿ ಮಾತ್ರ ಮತ್ತೆ ಬರಲಿಲ್ಲ.

ಜನರ ಮನಸ್ಸಿನಲ್ಲಿ ಉಳಿದದ್ದು 'ಸಿಸಿಆರ್5 ತೆಗೆದರೆ ಎಚ್‌ಐವಿ ಹೋಗುತ್ತದೆ' ಅನ್ನುವುದಷ್ಟೇ. ಕ್ಯಾನ್ಸರ್ ಚಿಕಿತ್ಸೆ ಹಳೆಯ ಕೋಶಗಳನ್ನು ಅಳಿಸಿದ್ದು, ದಾನಿಯ ಕೋಶಗಳು ಉಳಿದವನ್ನು ಕೊಂದದ್ದು ಪಕ್ಕಕ್ಕೆ ಸರಿಯಿತು. ಅಂಥದ್ದೇ ಕಸಿ ಪಡೆದ ಇನ್ನೊಬ್ಬರಲ್ಲಿ ವೈರಸ್ ಸಿಎಕ್ಸ್‌ಸಿಆರ್4 ದಾರಿ ಹಿಡಿದು ವಾಪಸ್ ಬಂತು. 2023ರಲ್ಲಿ ವರದಿಯಾದ, ಕಾಂಡಕೋಶ ಕಸಿ ಪಡೆದಿದ್ದ ಜಿನೀವಾದ ರೋಗಿಯ ದಾನಿಗೆ ಸಿಸಿಆರ್5 ಸರಿಯಾಗೇ ಇತ್ತು. ಆದರೂ ಔಷಧ ನಿಲ್ಲಿಸಿದ ಮೇಲೆ ವೈರಸ್ ಮರಳಲಿಲ್ಲ. ಒಂದೇ ಪ್ರೊಟೀನ್‌ಗೆ ಎಲ್ಲ ಶ್ರೇಯ ಕೊಡುವುದು ಅವಸರ ಅಲ್ವಾ?

2018ರಲ್ಲಿ ಚೀನಾದಲ್ಲಿ ಭ್ರೂಣದಲ್ಲೇ ಈ ಜೀನ್ ತಿದ್ದಿದ ಅವಳಿ ಮಕ್ಕಳು ಹುಟ್ಟಿದ ಸುದ್ದಿ ಬಂತು. ಆದರೆ ಸಿಸಿಆರ್5 ಇಲ್ಲದವರಿಗೆ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ಸೋಂಕಾದರೆ ಕಾಯಿಲೆ ಬೀಳುವ ಅಪಾಯ ಜಾಸ್ತಿ ಎಂದು 2006ರಲ್ಲೇ ವರದಿಯಾಗಿತ್ತು. ಈ ಪ್ರೊಟೀನ್ ಇರುವುದು ಎಚ್‌ಐವಿಗಾಗಿ ಅಲ್ಲ, ನಮ್ಮ ರಕ್ಷಣೆಗಾಗಿ. ದೊಡ್ಡವರ ಟಿ ಕೋಶಗಳೆಂಬ ರಕ್ಷಣಾ ಕೋಶಗಳನ್ನು ಹೊರತೆಗೆದು, ಜೀನ್ ತಿದ್ದಿ ಮರಳಿಸುವ ಪ್ರಯೋಗಗಳೂ ನಡೆದಿವೆ. ಅಲ್ಲಿ ರೋಗಿಯೇ ಯೋಚಿಸಿ ಒಪ್ಪುತ್ತಾರೆ, ಬದಲಾವಣೆ ಅವರ ಮಕ್ಕಳಿಗೆ ಹೋಗುವುದಿಲ್ಲ.