ಭೇದಿಯ ನೀರು ಹಾಲಿನದ್ದಲ್ಲ

ಮಳೆ ಹಿಡಿದರೆ ಸೋಮವಾರಪೇಟೆಯಿಂದ ಪೊನ್ನಂಪೇಟೆವರೆಗೂ ಇದೇ ಫೋನು: "ಡಾಕ್ಟ್ರೇ, ಹಂದಿ ಮರಿಗಳಿಗೆ ನೀರು ನೀರಾಗಿ ಭೇದಿ. ಹಾಲು, ನೀರು ಎರಡೂ ನಿಲ್ಲಿಸಿದ್ದೇವೆ." ದಯವಿಟ್ಟು ನಿಲ್ಲಿಸಬೇಡಿ.

ಹುಟ್ಟಿದ ಮೊದಲ ನಾಲ್ಕೈದು ದಿನ, ಮತ್ತೆ ಹಾಲು ಬಿಡಿಸಿದ ಮೇಲಿನ ವಾರ, ಇಂಥ ಭೇದಿಗೆ ಹೆಚ್ಚಾಗಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಕಾರಣ. ಅದು ಕರುಳಿನ ಒಳಪದರವನ್ನು ಕೊರೆಯುವುದಿಲ್ಲ, ಅಂಟಿಕೊಂಡು ಕೂತು ವಿಷ ಬಿಡುತ್ತದೆ. ಎಲ್‌ಟಿ ಎಂಬ ವಿಷ ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ರಾಸಾಯನಿಕವನ್ನು ಏರಿಸುತ್ತದೆ, ಎಸ್‌ಟಿಎ ಎಂಬ ಇನ್ನೊಂದು ವಿಷ ಅಂಥದ್ದೇ ಸೈಕ್ಲಿಕ್ ಜಿಎಂಪಿಯನ್ನು ಏರಿಸುತ್ತದೆ. ಎರಡರಿಂದಲೂ ಕ್ಲೋರೈಡ್ ಹೊರಬೀಳುವ ಬಾಗಿಲು ತೆರೆದೇ ಉಳಿಯುತ್ತದೆ. ಅದರ ಹಿಂದೆ ಸೋಡಿಯಂ (ಇವೆರಡೂ ಸೇರಿದರೇ ಉಪ್ಪು), ಸೋಡಿಯಂ ಹಿಂದೆ ನೀರು. ಆ ನೀರು ಬರುವುದು ಮರಿಯ ರಕ್ತದಿಂದ. ಹಾಲು ಬಿಡಿಸಿದರೂ ಅದು ಹರಿಯುತ್ತಲೇ ಇರುತ್ತದೆ. ಕೆಲವು ಮರಿಗಳಲ್ಲಿ ಕರುಳಿನೊಳಗೇ ತುಂಬಿಕೊಂಡು, ಭೇದಿ ಕಾಣುವ ಮೊದಲೇ ಜೀವ ಹೋಗುವುದುಂಟು. ಒಂದೂವರೆ ಕೆಜಿ ಮರಿಯಿಂದ 150 ಮಿಲಿ ಹೋದರೆ ತೂಕದ ಹತ್ತನೇ ಒಂದು ಭಾಗ ಹೋದಂತೆ. ಕಣ್ಣು ಗುಳಿ ಬೀಳುತ್ತದೆ, ಚಿವುಟಿದ ಚರ್ಮ ಹಾಗೇ ಮಡಿಚಿ ನಿಲ್ಲುತ್ತದೆ.

ಈ ವಿಷ ಮುಟ್ಟದ ಬಾಗಿಲೂ ಒಂದಿದೆ. ಗ್ಲೂಕೋಸ್ ಜೊತೆ ಸೇರಿದರೆ ಸೋಡಿಯಂ ಅಲ್ಲಿಂದ ಒಳಹೋಗುತ್ತದೆ, ಜೊತೆಗೆ ನೀರೂ. ಅದಕ್ಕೇ ಬರೀ ಗ್ಲೂಕೋಸ್ ನೀರೂ ಸಾಲದು, ಬರೀ ಉಪ್ಪುನೀರೂ ಸಾಲದು. ಮೆಡಿಕಲ್ ಶಾಪಿನ 1 ಲೀಟರಿನ ಓಆರ್‌ಎಸ್ ಪ್ಯಾಕೆಟ್ಟಿನಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ. ಇಡೀ ಪ್ಯಾಕೆಟ್ಟನ್ನು 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಗಟ್ಟಿ ಇದ್ದರೆ ಒಳ್ಳೆಯದೆಂದು ಒಂದೇ ಲೋಟಕ್ಕೆ ಕಲಸುವವರಿದ್ದಾರೆ. ಆ ಗಟ್ಟಿ ನೀರು ರಕ್ತದಿಂದ ಇನ್ನಷ್ಟು ನೀರನ್ನು ಕರುಳಿಗೆ ಎಳೆಯುತ್ತದೆ, ಉಪ್ಪು ಹೆಚ್ಚಾಗಿ ಮರಿಗೆ ಫಿಟ್ಸ್ ಬರಬಹುದು. ಕಲಸಿದ್ದು 24 ಗಂಟೆಯಾದರೆ ಚೆಲ್ಲಿ.

ತಾಯಿಯ ಮೊಲೆ ಬಿಡಿಸದೆ, ಪಕ್ಕದಲ್ಲೇ ಅಗಲವಾದ ತಟ್ಟೆಯಲ್ಲಿ ಈ ಓಆರ್‌ಎಸ್ ನೀರು ಇಡಿ. ಕುಡಿಯದ ಮರಿಗೆ ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ, ಸ್ವಲ್ಪ ಸ್ವಲ್ಪವಾಗಿ, ದಿನವಿಡೀ ಮತ್ತೆ ಮತ್ತೆ. ನುಂಗುತ್ತಿಲ್ಲವೆಂದರೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಅಂಥ ಮರಿಗೆ ದ್ರವವನ್ನು ಇಂಜೆಕ್ಷನ್ನಿನಲ್ಲೇ ಕೊಡಬೇಕು, ವೈದ್ಯರನ್ನು ಕರೆಸಿ. ನಮ್ಮ ಥಂಡಿಗೆ ಬಲ್ಬು, ಒಣ ಭತ್ತದ ಹೊಟ್ಟು ಬೇಕೇ ಬೇಕು. ಎಳೆ ಮರಿ ಮಲಗುವ ಜಾಗ 32ರಿಂದ 34 ಡಿಗ್ರಿ ಇರಲಿ.

ಆಂಟಿಬಯಾಟಿಕ್ ಬೇಕಾಗಬಹುದು, ಯಾವುದೆಂದು ನೋಡಿಯೇ ಹೇಳಬೇಕು. ಆದರೆ ಅದು ಸಾಯಿಸುವುದು ಬ್ಯಾಕ್ಟೀರಿಯಾವನ್ನು. ಎಲ್‌ಟಿ ಒಮ್ಮೆ ಕೆಡಿಸಿದ ಜೀವಕೋಶ ಅದರಿಂದ ಸರಿಹೋಗುವುದಿಲ್ಲ, ಹೊಸದು ಹುಟ್ಟಿಬರಬೇಕು. ಅಲ್ಲಿಯವರೆಗೆ ಮರಿಯನ್ನು ಉಳಿಸುವುದು ನೀವು ಕುಡಿಸುವ ನೀರು.