ಕಣ್ಣಿಂದ ಕಿತ್ತುಕೊಂಡದ್ದನ್ನು ಕಿವಿಗೆ ಕೊಡಬೇಕು

"ಸುಮ್ ಸುಮ್ನ ಹಿಡಿತೈತಿ." "ಏನೂ ಕಾಣವಲ್ದು." "ಮತ್ತ ಮೊದಲಿಂದ ಆಡಬೇಕೇನು?"

ಹಳೇ ಕಾಲದ ನೋಟವಿರುವ ಸ್ಟೆಲ್ತ್ ಹಾರರ್ ಆಟವನ್ನು, ಅಂದರೆ ಶತ್ರುವಿನ ಕಣ್ಣು ತಪ್ಪಿಸಿ ಅಡಗುತ್ತ ಸಾಗುವ ಅಂಜಿಕೆಯ ಆಟವನ್ನು, ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹುಡುಗರ ಕೈಗೆ ಕೊಟ್ಟು "ಹೆಂಗೈತಿ?" ಅಂತ ಕೇಳಿದರೆ ಬರುವ ದೂರು ಸುತ್ತಿ ಬಳಸಿ ಈ ಮೂರೇ. ಹೊಸದಾಗಿ ಆಟ ಕಟ್ಟುವವರು ಇದನ್ನು ಕೇಳಿದ ತಕ್ಷಣ ಶತ್ರುವಿನ ವೇಗ ತಗ್ಗಿಸುತ್ತಾರೆ, ಲೈಟು ಹೆಚ್ಚಿಸುತ್ತಾರೆ. ಆಟ ಸುಲಭವಾಗುತ್ತದೆ, ಅಂಜಿಕೆ ಹೋಗುತ್ತದೆ, ದೂರು ಮಾತ್ರ ಉಳಿಯುತ್ತದೆ. ಏಕೆಂದರೆ ಈ ಮೂರು ಮಾತುಗಳ ಬೇರು ಬಹಳ ಸಲ ಒಂದೇ: ಆಟ ಆಟಗಾರನ ಕಣ್ಣಿಂದ ಮಾಹಿತಿ ಕಿತ್ತುಕೊಂಡಿದೆ, ಬದಲಿಗೆ ಏನನ್ನೂ ಕೊಟ್ಟಿಲ್ಲ.

ಎಷ್ಟು ಕಿತ್ತುಕೊಂಡಿದೆ ಎಂಬುದಕ್ಕೆ ಲೆಕ್ಕವಿದೆ. ಇಂಥ ಹಳೇ ನೋಟದ (ರೆಟ್ರೊ) ಆಟಗಳು ಅನುಕರಿಸುವುದು ಹೆಚ್ಚಾಗಿ 1994ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪ್ಲೇಸ್ಟೇಷನ್ ಎಂಬ ಆಟದ ಯಂತ್ರದ ನೋಟವನ್ನು. ಅದರ ಆಟಗಳಲ್ಲಿ ಸಾಮಾನ್ಯವಾಗಿದ್ದ ಪರದೆಯ ಅಳತೆ 320×240, ಅಂದರೆ 76,800 ಪಿಕ್ಸೆಲ್. ಇವತ್ತಿನ 1920×1080 ಪರದೆ ಇದರ 27 ಪಟ್ಟು. ಆ ಯಂತ್ರ ಆಕೃತಿಯ ಮೂಲೆಗಳನ್ನು ಪೂರ್ಣಾಂಕದ ಪಿಕ್ಸೆಲ್‌ಗಳಿಗೇ ಕೂರಿಸುತ್ತಿತ್ತು, ಅದಕ್ಕೇ ಗೋಡೆ ಬಾಗಿಲುಗಳ ಅಂಚು ನಡುಗುವಂತೆ ಕಾಣುತ್ತದೆ. ಮೇಲ್ಮೈಯ ಚಿತ್ರವನ್ನು ದೂರಕ್ಕೆ ತಕ್ಕಂತೆ ತಿದ್ದುತ್ತಿರಲಿಲ್ಲ, ಅದಕ್ಕೇ ನೆಲದ ಟೈಲ್ಸು ಹತ್ತಿರ ಹೋದರೆ ಬಳುಕುತ್ತದೆ. ಆಗ ಅನಿವಾರ್ಯವಾಗಿದ್ದದ್ದನ್ನು ಇಂದು ಬೇಕೆಂದೇ ತರುತ್ತಾರೆ. ತಪ್ಪೇನಿಲ್ಲ, ನೋಡಲು ಚಂದವೇ ಇದೆ. ಆದರೆ ಮೇಲಿಂದ ಕೆಳಗೆ 60 ಡಿಗ್ರಿ ನೋಟದ ಕ್ಯಾಮೆರಾದಲ್ಲಿ 20 ಮೀಟರ್ ದೂರ ನಿಂತ 1.7 ಮೀಟರ್ ಎತ್ತರದ ಶತ್ರು 240 ಸಾಲಿನ ಪರದೆಯಲ್ಲಿ ಸುಮಾರು 18 ಪಿಕ್ಸೆಲ್ ಆಗುತ್ತಾನೆ. ಅವನ ಮುಖ ಎರಡು-ಮೂರು ಪಿಕ್ಸೆಲ್. 1080ರ ಪರದೆಯಲ್ಲಾದರೆ ಅದೇ ಶತ್ರು 80 ಪಿಕ್ಸೆಲ್ ಎತ್ತರ ಇರುತ್ತಿದ್ದ. ಎರಡು ಪಿಕ್ಸೆಲ್ ಮುಖ ಯಾವ ಕಡೆ ತಿರುಗಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕದ್ದು ಓಡಾಡುವ ಆಟದಲ್ಲಿ ಅದಕ್ಕಿಂತ ಮುಖ್ಯವಾದ ಮಾಹಿತಿ ಇನ್ನೊಂದಿಲ್ಲ.

ಹಳೇ ಯಂತ್ರದಲ್ಲೇ ಕೆಲಸ ಮಾಡಿದವರು ಇದನ್ನು ಚೆನ್ನಾಗಿ ಅರಿತಿದ್ದರು. 1998ರ ಮೆಟಲ್ ಗಿಯರ್ ಸಾಲಿಡ್ ಎಂಬ ಆಟ ಪರದೆಯ ಮೂಲೆಯಲ್ಲಿ ಒಂದು ರಾಡಾರ್ ಇಟ್ಟು ಕಾವಲುಗಾರರ ನೋಟದ ತ್ರಿಕೋನವನ್ನೇ ಬರೆದು ತೋರಿಸಿತು. 1999ರ ಸೈಲೆಂಟ್ ಹಿಲ್ ದೂರದ್ದನ್ನೆಲ್ಲ ಮಂಜಿನಲ್ಲಿ ಮುಚ್ಚಿತು, ಆದರೆ ಆಟಗಾರನ ಜೇಬಿಗೆ ಒಂದು ರೇಡಿಯೊ ಹಾಕಿತು. ಭೂತ ಹತ್ತಿರ ಬಂದರೆ ರೇಡಿಯೊ ಕರಕರ ಅನ್ನುತ್ತದೆ. ಕಂಪ್ಯೂಟರಿಗೆ ಬಂದ 1998ರ ಥೀಫ್, ನೀವು ಎಷ್ಟು ಬೆಳಕಿನಲ್ಲಿದ್ದೀರಿ ಎಂದು ಹೇಳುವ ಒಂದು ಹರಳನ್ನು ಪರದೆಯ ಕೆಳಗಿಟ್ಟಿತು. ಲೋಹದ ನೆಲ, ಟೈಲ್ಸ್ ನೆಲದ ಮೇಲೆ ಹೆಜ್ಜೆ ಸದ್ದು ಜೋರು, ರತ್ನಗಂಬಳಿ ಮೇಲೆ ಮೆತ್ತಗೆ. ಮೂರೂ ಒಂದು ಕೈಯಿಂದ ಕಿತ್ತುಕೊಂಡು ಇನ್ನೊಂದು ಕೈಯಿಂದ ಕೊಟ್ಟವು. ನಮ್ಮ ಸೀಮೆಯ ತೊಗಲುಗೊಂಬೆಯಾಟದವರಿಗೂ ಈ ವಿದ್ಯೆ ಗೊತ್ತು. ಪರದೆಯ ಮೇಲೆ ಗೊಂಬೆಯ ಒಂದು ಮಗ್ಗುಲಷ್ಟೇ ಕಾಣುತ್ತದೆ, ಉಳಿದದ್ದನ್ನು ದನಿ, ಹಾಡು, ಮದ್ದಳೆ ತುಂಬುತ್ತವೆ.

ಈ ಕಡೆ ಮಕ್ಕಳಿಗೆ ಸ್ಟೆಲ್ತ್ ಹಾರರ್ ಅಂದರೆ ಮೊದಲು ನೆನಪಾಗುವುದು 2017ರಲ್ಲಿ ಮೊಬೈಲಿಗೆ ಬಂದ ಗ್ರ್ಯಾನಿ. ಅದರ ನೋಟ ಒರಟು, ಮನೆ ಒಂದೇ, ಶತ್ರುವೂ ಒಬ್ಬಳೇ ಅಜ್ಜಿ, ಆಟಗಾರನಿಗೆ ಐದು ದಿನ. ಆದರೂ ಅಷ್ಟು ಜನ ಆಡಿದ್ದಾರೆ ಎಂದರೆ ಕಾರಣ ಇಷ್ಟೇ, ಅದರ ನಿಯಮವನ್ನು ಒಂದೇ ಉಸಿರಿನಲ್ಲಿ ಹೇಳಬಹುದು: ಏನಾದರೂ ಬಿದ್ದು ಸದ್ದಾದರೆ ಅಜ್ಜಿ ಓಡಿ ಬರುತ್ತಾಳೆ, ಮಂಚದ ಕೆಳಗೋ ಕಪಾಟಿನಲ್ಲೋ ಅಡಗಬಹುದು. ಹೂದಾನಿ ಕೆಡವಿ ಸಿಕ್ಕಿಬಿದ್ದ ಹುಡುಗ "ಮೋಸ" ಅನ್ನುವುದಿಲ್ಲ, "ಕೆಡವಿಬಿಟ್ನೆಲೇ" ಅನ್ನುತ್ತಾನೆ. ಆಟದ ಬಗ್ಗೆ ಬರಬಹುದಾದ ಅತ್ಯುತ್ತಮ ಅಭಿಪ್ರಾಯ ಅದು. ಐದು ಸ್ಟಾರು ಕೂಡ ಅಷ್ಟು ಹೇಳುವುದಿಲ್ಲ.

ಹಾಗಾದರೆ "ಸುಮ್ ಸುಮ್ನ ಹಿಡಿತೈತಿ" ಎಂಬ ದೂರನ್ನು ಬಿಚ್ಚಿ ನೋಡೋಣ. ಶತ್ರುವಿಗೆ ಆಟಗಾರನ ಇರವು ತಿಳಿಯುವುದು ಮೂರು ದಾರಿಯಲ್ಲಿ: ಕಣ್ಣು, ಕಿವಿ, ಮತ್ತು ಆಟವೇ ಒಳಗೊಳಗೆ ಕೊಡುವ ಸುಳಿವು. ಕಣ್ಣಿನಲ್ಲಿ ಆಗುವ ತಪ್ಪು ಬಹುಪಾಲು ಒಂದೇ ಒಂದು ರೇಖೆ ಎಳೆಯುವುದರಿಂದ. ಶತ್ರುವಿನ ಕಣ್ಣಿಂದ ಆಟಗಾರನ ದೇಹದ ನಡುವಿಗೆ ಒಂದೇ ರೇಖೆ ಬಿಟ್ಟು ಪರೀಕ್ಷಿಸಿದರೆ ಮೇಜಿನ ಹಿಂದೆ ಬಗ್ಗಿದವನ ಬೆನ್ನು ಹೊರಗಿದ್ದರೂ ಕಾಣುವುದಿಲ್ಲ, ಕಟಕಟೆಯ ಸಂದಿಯಲ್ಲಿ ಒಂದು ಗೇಣು ಕಂಡರೂ ಪೂರ್ತಿ ಕಂಡಂತೆ ಲೆಕ್ಕ. ತಲೆ, ಎದೆ, ಪಾದ ಎಂದು ಮೂರು ರೇಖೆ ಬಿಡಿ. ಎಷ್ಟು ರೇಖೆ ಮುಟ್ಟಿದವೋ ಅಷ್ಟು ವೇಗದಲ್ಲಿ ಅನುಮಾನದ ಮಟ್ಟ ಏರಲಿ. ಕಂಡ ಕೂಡಲೇ ಹಿಡಿಯುವಂತೆ ಮಾಡಬೇಡಿ, ಕನಿಷ್ಠ 0.4 ಸೆಕೆಂಡ್ ಬಿಡುವು ಕೊಡಿ. ಶುರುವಿಗೆ 90 ಡಿಗ್ರಿ ಅಗಲ, 12 ಮೀಟರ್ ಉದ್ದದ ನೋಟ ಇಟ್ಟುಕೊಂಡು ಆಡಿಸಿ ನೋಡಿ ತಿದ್ದಬಹುದು. ಮುಖ ಎರಡೇ ಪಿಕ್ಸೆಲ್ ಆದ್ದರಿಂದ ಶತ್ರುವಿನ ಕೈಗೊಂದು ಟಾರ್ಚೋ ಲಾಟೀನೋ ಕೊಡಿ, ಬೆಳಕು ಬಿದ್ದ ಕಡೆಯೇ ಅವನ ಮುಖ. ಟಾರ್ಚು ಕತೆಗೆ ಹೊಂದದಿದ್ದರೆ ಒಂದೇ ಹೆಗಲಿಗೆ ಚೀಲವೋ ಕೊಡಲಿಯೋ ಹಾಕಿ, ಎದುರಿಗೂ ಹಿಂದಕ್ಕೂ ಆಕೃತಿ ಬೇರೆ ಕಾಣಬೇಕು.

ಕಿವಿಯ ತಪ್ಪು ಇನ್ನೂ ಸೂಕ್ಷ್ಮ. ಸದ್ದು ನೇರ ಅಂತರದಲ್ಲಿ ಹರಡುತ್ತದೆ ಎಂದು ಬರೆದುಬಿಟ್ಟರೆ ಕೆಳಗಿನ ಕೋಣೆಯಲ್ಲಿ ಓಡಿದ್ದು ಮಾಳಿಗೆಯ ಮೇಲಿರುವ ಶತ್ರುವಿಗೆ ಕೇಳಿಸುತ್ತದೆ, ಏಕೆಂದರೆ ಇಬ್ಬರ ನಡುವೆ ಮೂರೇ ಮೀಟರ್. ಅವನು ಮೆಟ್ಟಿಲಿಳಿದು ನಡುಮನೆ ದಾಟಿ ಬರುವಷ್ಟರಲ್ಲಿ ಆಟಗಾರನಿಗೆ ತಾನು ಮಾಡಿದ ಸದ್ದು ಮರೆತೇ ಹೋಗಿರುತ್ತದೆ. ಆಗ ಬರುವ ಮಾತೇ "ಸುಮ್ ಸುಮ್ನ". ಪರಿಹಾರ: ಶತ್ರು ನಡೆದು ಬರಬೇಕಾದ ದಾರಿಯ ಉದ್ದವನ್ನೇ ಸದ್ದಿನ ಅಂತರವಾಗಿ ಎಣಿಸುವುದು, ಮುಚ್ಚಿದ ಪ್ರತಿ ಬಾಗಿಲಿಗೂ ಇನ್ನೊಂದೆರಡು ಮೀಟರ್ ಕೂಡಿಸುವುದು. ಬಗ್ಗಿ ನಡೆದರೆ 2 ಮೀಟರ್, ನಡೆದರೆ 6, ಓಡಿದರೆ 14 ಎಂಬ ಅಂತರ ಒಂದು ಮನೆಯಷ್ಟು ಜಾಗಕ್ಕೆ ಸಾಕು. ಕೇಳಿಸಿಕೊಂಡ ಗಳಿಗೆಯಲ್ಲೇ ಶತ್ರು ನಿಲ್ಲಬೇಕು, ಒಂದು ದನಿ ಹೊರಡಿಸಬೇಕು. ಆಮೇಲೆ ಹೊರಡಲಿ.

ಸುಳಿವಿನ ವಿಚಾರದಲ್ಲಿ 2014ರ ಏಲಿಯನ್: ಐಸೊಲೇಷನ್ ನೋಡಿ ಕಲಿಯಬೇಕು. ಅದರಲ್ಲಿ ಶತ್ರುವಿನ ಬುದ್ಧಿ ಎರಡು ಪಾಲು. ಒಂದಕ್ಕೆ ಆಟಗಾರ ಎಲ್ಲಿದ್ದಾನೆಂದು ಸದಾ ಗೊತ್ತು, ಆದರೆ ಅದು ಇನ್ನೊಂದಕ್ಕೆ "ಆ ಕಡೆ ಹುಡುಕು" ಎಂಬಷ್ಟೇ ಸುಳಿವು ಕೊಡುತ್ತದೆ. ಹುಡುಕುವುದು, ಹಿಡಿಯುವುದು ಆ ಜೀವಿಯ ಸ್ವಂತ ಕಣ್ಣು ಕಿವಿಯಿಂದಲೇ. ಸಣ್ಣ ತಂಡಗಳು ಎರಡನ್ನೂ ಒಂದೇ ಮಾಡಿ, ಶತ್ರುವನ್ನು ನೇರ ಆಟಗಾರ ಅಡಗಿದ ಕಪಾಟಿಗೇ ಕಳಿಸುತ್ತವೆ. ಎರಡು ಸಲ ಹಾಗಾದರೆ ಸಾಕು, ಅಡಗುವುದು ದಂಡ ಎಂದು ಆಟಗಾರ ತೀರ್ಮಾನಿಸುತ್ತಾನೆ. ಮತ್ತೆ ಆ ನಂಬಿಕೆ ಹುಟ್ಟುವುದಿಲ್ಲ.

"ಮತ್ತ ಮೊದಲಿಂದ" ಎಂಬುದು ಸರಳ. ಅದೇ ಪಡಸಾಲೆಯನ್ನು ಮೂರನೇ ಸಲ ದಾಟುವಾಗ ಅಂಜಿಕೆ ಇರುವುದಿಲ್ಲ, ಬೇಸರ ಇರುತ್ತದೆ. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಸೇವ್ ಮಾಡಲು ಟೈಪ್‌ರೈಟರಿನ ರಿಬ್ಬನ್ ಖರ್ಚಾಗುತ್ತಿತ್ತು, ಆ ಬಿಗಿ ಅನೇಕರಿಗೆ ಇಂದಿಗೂ ಇಷ್ಟ. ಆದರೆ ಮಧ್ಯಾಹ್ನ ಯಾವಾಗ ಕರೆಂಟು ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ ಡೆಸ್ಕ್‌ಟಾಪಿನಲ್ಲಿ ಆಡುವವನಿಗೆ ಅದು ಬಿಗಿಯಲ್ಲ, ನಷ್ಟ. ಬಿಗಿಯೂ ಇರಲಿ, ಆಟ ನಿಲ್ಲಿಸಿದರೆ ತಾನೇ ಉಳಿದು ಮತ್ತೆ ತೆರೆದಾಗ ಅಳಿದುಹೋಗುವ ಒಂದು ತಾತ್ಕಾಲಿಕ ಸೇವ್ ಕೂಡ ಇರಲಿ. ಪ್ರತಿ ಎರಡು ನಿಮಿಷಕ್ಕೆ ಅದು ಬರೆಯಲ್ಪಟ್ಟರೆ ಕರೆಂಟಿನ ಚಿಂತೆ ತಪ್ಪುತ್ತದೆ.

ಈಗ ನಮ್ಮ ಕೋಣೆಗಳ ಮಾತು. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಮೇಲೆ ಫ್ಯಾನು, ಕಿಟಕಿಗೆ ಕೂಲರು, ಎರಡೂ ಭೋರ್ ಅನ್ನುತ್ತಿರುತ್ತವೆ. ಆಟ ಕಿವಿಗೆ ಕೊಟ್ಟಿದ್ದನ್ನು ಕೂಲರು ಕಿತ್ತುಕೊಳ್ಳುತ್ತದೆ. ಶತ್ರುವಿನ ಹೆಜ್ಜೆಯ ದಬ್ ದಬ್ ಎಂಬ ತಗ್ಗು ಸದ್ದು ಆ ಭೋರ್ಗರೆತದಲ್ಲಿ ಮುಳುಗಿಯೇ ಹೋಗುತ್ತದೆ, ಮೊಬೈಲ್ ಸ್ಪೀಕರಿನಲ್ಲಂತೂ ಅದು ಹೊರಡುವುದೇ ಇಲ್ಲ. ಮನುಷ್ಯನ ಕಿವಿ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್ ನಡುವೆ. ಅದಕ್ಕೇ ಹೆಜ್ಜೆಯ ಜೊತೆಗೆ ಕೀಲಿಗೊಂಚಲಿನ ಝಣ್, ಹವಾಯಿ ಚಪ್ಪಲಿಯ ಪಟಪಟ, ಬಾಗಿಲ ಕೀಲಿನ ಕಿರ್ ಇಂಥವನ್ನು ಬೆರೆಸಿದರೆ ಕೂಲರನ್ನೂ ಸೀಳಿ ಕೇಳುತ್ತದೆ.

ಆಡುವವರ ಕಡೆಯಿಂದಲೂ ಮಾಡಬೇಕಾದದ್ದಿದೆ. ಕಿವಿ ಪೂರ್ತಿ ಮುಚ್ಚುವ ವೈರ್ ಹೆಡ್‌ಫೋನ್ ಬಳಸಿ. ಬ್ಲೂಟೂತ್ ಇಯರ್‌ಫೋನಿನಲ್ಲಿ ಸದ್ದು ಸಾಮಾನ್ಯವಾಗಿ 100ರಿಂದ 250 ಮಿಲಿಸೆಕೆಂಡ್ ತಡ, ಶತ್ರು ತಿರುಗಿದ ಮೇಲೆ ತಿರುಗಿದ ಸದ್ದು ಬರುತ್ತದೆ. ವಿಂಡೋಸ್‌ನಲ್ಲೂ ಆಂಡ್ರಾಯ್ಡ್‌ನಲ್ಲೂ ಮೋನೋ ಆಡಿಯೊ ಎಂಬ ಆಯ್ಕೆ ಇದೆ, ಅದು ಆನ್ ಆಗಿದ್ದರೆ ಎಡ-ಬಲ ಒಂದೇ ಆಗುತ್ತದೆ. ಪಿನ್ನು ಅರ್ಧವೇ ಸಿಕ್ಕಿದ್ದರೂ ಅದೇ ಗತಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಲೌಡ್‌ನೆಸ್ ಈಕ್ವಲೈಜೇಶನ್ ಇದ್ದರೆ ಆಫ್ ಮಾಡಿ. ಸಿನಿಮಾಕ್ಕೆ ಅದು ಒಳ್ಳೆಯದು, ಇಲ್ಲಿ ಹತ್ತಿರದ ಹೆಜ್ಜೆ, ದೂರದ ಹೆಜ್ಜೆ ಎರಡನ್ನೂ ಒಂದೇ ಎತ್ತರಕ್ಕೆ ತಂದು ಅಂತರವನ್ನೇ ಅಳಿಸಿಬಿಡುತ್ತದೆ.

"ಏನೂ ಕಾಣವಲ್ದು" ಎಂಬುದಕ್ಕೆ ಅರ್ಧ ಪಾಲು ಉತ್ತರ ಟೀವಿಯಲ್ಲಿರುತ್ತದೆ. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್ಲಿನಿಂದ ಟೀವಿಗೆ ಹಾಕಿದಾಗ ಲ್ಯಾಪ್‌ಟಾಪ್ ಫುಲ್ ರೇಂಜ್ (ಕಪ್ಪಿನಿಂದ ಬಿಳುಪಿನವರೆಗೆ ಪೂರ್ತಿ ಅಳತೆ) ಕಳಿಸಿ ಟೀವಿ ಅದನ್ನು ಲಿಮಿಟೆಡ್ (ಕಿರಿದಾದ ಅಳತೆ) ಎಂದುಕೊಂಡರೆ ಕತ್ತಲ ಭಾಗದ ಛಾಯೆಗಳೆಲ್ಲ ಒಂದೇ ಕಪ್ಪಾಗುತ್ತವೆ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲೂ ಟೀವಿಯ ಮೆನುವಿನಲ್ಲೂ ಎರಡು ಕಡೆ ಒಂದೇ ಇರಬೇಕು. ಆಮೇಲೆ ಆಟದ ಗಾಮಾ (ನಸುಗತ್ತಲ ಛಾಯೆಗಳು ಎಷ್ಟು ತಿಳಿಯಾಗಿ ಕಾಣಬೇಕು ಎಂಬ ಆಯ್ಕೆ) ಸರಿಪಡಿಸಿ, ಆಡುವ ಹೊತ್ತಿನಲ್ಲಿ ಕೋಣೆಯಲ್ಲಿ ಎಷ್ಟು ಬೆಳಕಿರುತ್ತದೋ ಅಷ್ಟೇ ಬೆಳಕಿನಲ್ಲಿ. ತಲೆನೋವು ಬರುತ್ತದೆ ಎನ್ನುವವರ ಪರದೆ 1366×768 ಆಗಿದೆಯಾ ನೋಡಿ. 768ನ್ನು 240ರಿಂದ ಭಾಗಿಸಿದರೆ 3.2, ಅಂದರೆ ಕೆಲವು ಪಿಕ್ಸೆಲ್ ಮೂರು ಸಾಲು, ಕೆಲವು ನಾಲ್ಕು ಸಾಲು ದಪ್ಪ. ಓಡಾಡುವಾಗ ಇಡೀ ಚಿತ್ರ ಮಿಣಮಿಣ ಅನ್ನುತ್ತದೆ. ಇಂಟಿಜರ್ ಸ್ಕೇಲಿಂಗ್ (ಪೂರ್ಣಾಂಕದಷ್ಟೇ ಪಟ್ಟು ಹಿಗ್ಗಿಸುವ ಆಯ್ಕೆ) ಆನ್ ಮಾಡಿ, ಸರಿಯಾಗಿ ಮೂರು ಪಟ್ಟು ಆಗಿ ಮೇಲೆ ಕೆಳಗೆ 24 ಸಾಲಿನ ಕಪ್ಪು ಪಟ್ಟಿ ಉಳಿಯುತ್ತದೆ. ನಡೆಯುವಾಗ ಕ್ಯಾಮೆರಾ ತೂಗುವುದನ್ನೂ ಆಫ್ ಮಾಡಿದರೆ ವಾಕರಿಕೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಹಳೇ ನೋಟ ಎಂದ ಮಾತ್ರಕ್ಕೆ ಹಳೇ ಕಂಪ್ಯೂಟರಿನಲ್ಲಿ ಓಡುತ್ತದೆ ಎಂದುಕೊಳ್ಳಬೇಡಿ. ನೆರಳು, ಹಳೇ ಟೀವಿಯ ಫಿಲ್ಟರು ಇವು ಇವತ್ತಿನ ಲೆಕ್ಕದಲ್ಲೇ ಭಾರ, ಆಟ ತಡವರಿಸಿದರೆ ಮೊದಲು ಈ ಎರಡನ್ನು ತಗ್ಗಿಸಿ. ಸಂಡೂರು ರಸ್ತೆಯ ಕೆಂಪು ಧೂಳು ಲ್ಯಾಪ್‌ಟಾಪಿನ ಫ್ಯಾನಿಗೆ ಮೆತ್ತಿದ್ದರೆ ಯಾವ ಸೆಟ್ಟಿಂಗೂ ಉಳಿಸುವುದಿಲ್ಲ, ಮೂರು ತಿಂಗಳಿಗೊಮ್ಮೆ ಬ್ರಷ್ ಹಾಕಿಸಿ.

ಇಷ್ಟನ್ನು ಸರಿಪಡಿಸಿದ ಮೇಲೆಯೇ ಅಭಿಪ್ರಾಯ ಕೇಳುವುದಕ್ಕೆ ಅರ್ಥ. ಐದಾರು ಜನ ಸಾಕು, ಆದರೆ ಒಬ್ಬೊಬ್ಬರಾಗಿಯೇ ಕೂರಿಸಿ. ಗುಂಪಿನಲ್ಲಿ ಮೊದಲು ಕೂಗಿದವನ ಮಾತೇ ಎಲ್ಲರದೂ ಆಗುತ್ತದೆ. ಆಡುವಾಗ ಬಾಯಿ ಬಿಡಬೇಡಿ, ಬೆರಳು ತೋರಿಸಬೇಡಿ. ಸಿಕ್ಕಿಬಿದ್ದಾಗಲೆಲ್ಲ ಒಂದೇ ಪ್ರಶ್ನೆ ಕೇಳಿ: "ಯಾಕ ಸಿಕ್ಕಿಬಿದ್ದಿ?" ಅವನ ಉತ್ತರವನ್ನು ಬರೆದುಕೊಳ್ಳಿ. ಆಟ ತಾನೇ ಬರೆದಿಡುವ ಲಾಗ್‌ನಲ್ಲಿ ಶತ್ರುವಿಗೆ ತಿಳಿದದ್ದು ಕಣ್ಣಿಂದಲೋ ಕಿವಿಯಿಂದಲೋ ಸುಳಿವಿಂದಲೋ, ಎಷ್ಟು ದೂರದಿಂದ ಎಂದು ದಾಖಲಾಗಿರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ಸಲ ಉತ್ತರ ತಪ್ಪಿದ್ದರೆ ಕಷ್ಟದ ಮಟ್ಟ ಮುಟ್ಟಬೇಡಿ, ಆ ಇಂದ್ರಿಯದ ಸೂಚನೆಯನ್ನು ತಿದ್ದಿ. ಉತ್ತರ ಸರಿಯಿದ್ದೂ ಅವನು ಸಿಟ್ಟಾಗಿದ್ದರೆ ಆಗ ಆಟ ನಿಜಕ್ಕೂ ಕಷ್ಟವಾಗಿದೆ.

ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಬರೆದ ಅಭಿಪ್ರಾಯ ಓದುವಾಗ ಪಕ್ಕದಲ್ಲಿರುವ ಆಡಿದ ಗಂಟೆಗಳನ್ನು ಮೊದಲು ನೋಡಿ. ಅರ್ಧ ಗಂಟೆ ಆಡಿ "ಕತ್ತಲೆ" ಅಂದವರದು ಬಹುಶಃ ಗಾಮಾದ ದೂರು, ಆರು ಗಂಟೆ ಆಡಿ "ಅನ್ಯಾಯ" ಅಂದವರದು ಶತ್ರುವಿನ ದೂರು. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು, ಆದ್ದರಿಂದ ಮೊದಲ ಅರ್ಧ ಗಂಟೆಯಲ್ಲೇ ಮೇಲಿನ ಸೆಟ್ಟಿಂಗ್‌ಗಳನ್ನೆಲ್ಲ ಪರೀಕ್ಷಿಸಿಕೊಳ್ಳಿ. ಆದರೆ ವಿಡಿಯೊ ನೋಡಿ ಕತ್ತಲೆಯ ಬಗ್ಗೆ ತೀರ್ಪು ಕೊಡಬೇಡಿ. ವಿಡಿಯೊ ಕುಗ್ಗಿಸುವಾಗ ಮೊದಲು ಹಾಳಾಗುವುದೇ ಕಪ್ಪಿನ ಛಾಯೆಗಳು, 480ರಲ್ಲಿ ನೋಡಿದರೆ ಬರೀ ಚೌಕಗಳು.

ಕೇಳಿಸದವರು, ಕೇಳುವ ಸ್ಥಿತಿಯಲ್ಲಿಲ್ಲದವರು ಕೂಡ ಆಡುತ್ತಾರೆ. ರಾತ್ರಿ ಮನೆಯವರು ಮಲಗಿರುವಾಗ ಸದ್ದು ಮುಚ್ಚಿ ಆಡುವವರೇ ಎಷ್ಟೋ. ಅವರಿಗಾಗಿ ಸದ್ದಿನ ಬರಹ ಬೇಕು: "ಚಪ್ಪಲಿ ಸಪ್ಪಳ, ಎಡಕ್ಕೆ, ಹತ್ತಿರ" ಎಂದು ಬಾಣದ ಗುರುತಿನೊಡನೆ. ಅದನ್ನು ಕನ್ನಡದಲ್ಲಿ ಹಾಕುವುದಾದರೆ ಒಂದು ಎಚ್ಚರ. ಇಂಗ್ಲಿಷ್ ಅಕ್ಷರ 8 ಪಿಕ್ಸೆಲ್ ಎತ್ತರದಲ್ಲಿ ಓದಲು ಬರುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಸೇರಿ ಅಷ್ಟೆತ್ತರದಲ್ಲಿ ಬರೀ ಮಸಿ. 240 ಸಾಲಿನ ಪರದೆಯೊಳಗೇ ಬರೆಯುವುದಾದರೆ ಕನಿಷ್ಠ 16 ಪಿಕ್ಸೆಲ್ ಎತ್ತರ ಕೊಡಿ. ಅದಕ್ಕಿಂತ ಒಳ್ಳೆಯದು, ಆಟದ ಚಿತ್ರವನ್ನಷ್ಟೇ 240ರಲ್ಲಿ ಬಿಡಿಸಿ ಹಿಗ್ಗಿಸಿ, ಅಕ್ಷರಗಳನ್ನು ಅದರ ಮೇಲೆ ಪರದೆಯ ನಿಜವಾದ ಅಳತೆಯಲ್ಲಿ ಕೂರಿಸುವುದು.